ಹಾಯಿದೋಣಿಯಿಂದ ನೀರಿಗೆ ಬಿದ್ದರೆ ಏನು ಮಾಡಬೇಕು?: ಹುಸೇನ್ ಸಾಗರದಿಂದ ಮಹಾಸಾಗರದವರೆಗೆ ತಿಳಿದಿರಬೇಕಾದ ಸುರಕ್ಷತಾ ಪಾಠಗಳು

ಹೈದರಾಬಾದ್: ಮಳೆಗಾಲದಲ್ಲಿ ಟ್ಯಾಂಕ್ ಬಂಡ್ ರಸ್ತೆಯಲ್ಲಿ ಹೋಗುವಾಗ ಹುಸೇನ್ ಸಾಗರದತ್ತ ಕಣ್ಣು ಹಾಯಿಸಿದರೆ, ಬುದ್ಧನ ಪ್ರತಿಮೆಯ ಆಚೀಚೆ ಬಿಳಿ ಹಾಯಿಗಳು ಓಡಾಡುವುದು ಕಾಣುತ್ತದೆ. ದಡದಲ್ಲಿ ನಿಂತು ಫೋಟೊ ತೆಗೆಯುವವರಿಗೆ ಅದು ಚೆಂದದ ದೃಶ್ಯ. ದೋಣಿಯಲ್ಲಿ ಕುಳಿತವರಿಗೆ ಮಾತ್ರ ಗಾಳಿಯ ಒಂದೊಂದು ಹೊಡೆತವೂ ಪರೀಕ್ಷೆ. ಕಾಲು ಜಾರಿದರೆ ಅಥವಾ ಕೈಯಲ್ಲಿದ್ದ ಹಗ್ಗ ತಪ್ಪಿದರೆ ಮರುಕ್ಷಣವೇ ನೀರಿನಲ್ಲಿ.

ಹೀಗೆ ದೋಣಿಯಲ್ಲಿದ್ದವರು ನೀರಿಗೆ ಬೀಳುವುದಕ್ಕೆ ನಾವಿಕರ ಭಾಷೆಯಲ್ಲಿ 'ಮ್ಯಾನ್ ಓವರ್‌ಬೋರ್ಡ್' ಎನ್ನುತ್ತಾರೆ. ಹಾಯಿದೋಣಿಯಲ್ಲಿ ಎದುರಾಗಬಹುದಾದ ಅತ್ಯಂತ ಗಂಭೀರ ತುರ್ತು ಸ್ಥಿತಿಗಳಲ್ಲಿ ಇದೂ ಒಂದು. ಬಿದ್ದವರು ಬದುಕುತ್ತಾರೋ ಇಲ್ಲವೋ ಎಂಬುದು ಬಹುಪಾಲು ಅವರು ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ. ಮೈಮೇಲೆ ಏನು ಧರಿಸಿದ್ದರು, ದೋಣಿಗೆ ತಮ್ಮನ್ನು ಕಟ್ಟಿಕೊಂಡಿದ್ದರೇ, ಜೊತೆಗಿದ್ದವರು ರಕ್ಷಣೆಯ ಅಭ್ಯಾಸ ಮಾಡಿದ್ದರೇ ಎಂಬ 3 ಪ್ರಶ್ನೆಗಳೇ ಇಲ್ಲಿ ಮುಖ್ಯ. ಈ ಬಗ್ಗೆ ಸಂಪೂರ್ಣ ಮಾಹಿತಿ ಇಲ್ಲಿದೆ.

ಹುಸೇನ್ ಸಾಗರಕ್ಕೂ ಹಾಯಿದೋಣಿಗೂ ಏನು ನಂಟು?

16ನೇ ಶತಮಾನದಲ್ಲಿ ಇಬ್ರಾಹಿಂ ಕುಲಿ ಕುತುಬ್ ಷಾ ಆಳ್ವಿಕೆಯಲ್ಲಿ ನಿರ್ಮಾಣವಾದ ಹುಸೇನ್ ಸಾಗರ ಹೈದರಾಬಾದ್ ಮತ್ತು ಸಿಕಂದರಾಬಾದ್ ಅವಳಿ ನಗರಗಳ ನಡುವೆ ಇದೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರವಿದ್ದರೂ ಇದು ದೇಶದ ಪ್ರಮುಖ ಸೇಲಿಂಗ್ ತಾಣಗಳಲ್ಲಿ ಒಂದು. ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್, ಸಿಕಂದರಾಬಾದ್ ಸೇಲಿಂಗ್ ಕ್ಲಬ್, ಯಾಟ್ ಕ್ಲಬ್ ಆಫ್ ಹೈದರಾಬಾದ್ ಇಲ್ಲಿ ಸಕ್ರಿಯವಾಗಿವೆ. 'ಹೈದರಾಬಾದ್ ಸೇಲಿಂಗ್ ವೀಕ್' ಸ್ಪರ್ಧೆಗೆ ದೇಶದ ನಾನಾ ಭಾಗಗಳಿಂದ ಸ್ಪರ್ಧಿಗಳು ಬರುತ್ತಾರೆ. ಯಾಟ್ ಕ್ಲಬ್‌ನಲ್ಲಿ ಬಡ ಕುಟುಂಬಗಳ ಮಕ್ಕಳೂ ತರಬೇತಿ ಪಡೆದು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಗೆದ್ದಿದ್ದಾರೆ.

ಕೆರೆ ತಾನೇ, ಏನಾಗುತ್ತದೆ ಎನ್ನುವಂತಿಲ್ಲ. 1990ರ ಮಾರ್ಚ್ 10ರಂದು ಬುದ್ಧನ ಬೃಹತ್ ಏಕಶಿಲಾ ಪ್ರತಿಮೆಯನ್ನು ಕೆರೆಯ ನಡುವಿನ ಪೀಠಕ್ಕೆ ಸಾಗಿಸುವಾಗ ಅದು ನೀರಿಗೆ ಜಾರಿ ಹಲವರು ಪ್ರಾಣ ಕಳೆದುಕೊಂಡರು. ಪ್ರತಿಮೆಯನ್ನು ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರ್‌ನಲ್ಲಿ. 2025ರ ಜನವರಿ 26ರ ರಾತ್ರಿ ಕಾರ್ಯಕ್ರಮವೊಂದರ ಪಟಾಕಿ ಇದ್ದ ದೋಣಿಗಳಿಗೆ ಇದೇ ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಆಗ ನಾಪತ್ತೆಯಾದ ಯುವಕ ಬಳಿಕ ಶವವಾಗಿ ಪತ್ತೆಯಾದರು. ಇವೆರಡೂ ಹಾಯಿದೋಣಿಯ ಅವಘಡಗಳಲ್ಲ. ಆದರೆ ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದ ಮಾತ್ರಕ್ಕೆ ನೀರು ಸುರಕ್ಷಿತವಲ್ಲ ಎಂಬುದಕ್ಕೆ ಸಾಕ್ಷಿ.

ನೀರಿಗೆ ಬೀಳುವುದು ಹೇಗೆ?

ಹಾಯಿದೋಣಿಯಿಂದ ಬೀಳಲು ಬಿರುಗಾಳಿಯೇ ಬೇಕೆಂದಿಲ್ಲ. ಸಾಮಾನ್ಯ ಕಾರಣಗಳು ಇವು:

• ಬೂಮ್ ಹೊಡೆತ: ಹಾಯಿಯ ಕೆಳಭಾಗವನ್ನು ಹಿಡಿದಿರುವ ಅಡ್ಡದಂಡವೇ ಬೂಮ್. ಗಾಳಿ ಹಿಂದಿನಿಂದ ಬೀಸುತ್ತಿರುವಾಗ ದೋಣಿಯ ದಿಕ್ಕು ಸ್ವಲ್ಪ ತಪ್ಪಿದರೂ ಬೂಮ್ ಒಂದು ಬದಿಯಿಂದ ಇನ್ನೊಂದು ಬದಿಗೆ ರಭಸದಿಂದ ಬೀಸಿ ಬರುತ್ತದೆ. ಅದರ ದಾರಿಯಲ್ಲಿ ತಲೆ ಇದ್ದರೆ ಮುಗಿಯಿತು. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲೇ ನೀರಿಗೆ ಬೀಳಬಹುದು.
• ದೋಣಿಯ ಮುಂಭಾಗದಲ್ಲಿ ಕೆಲಸ: ಹಾಯಿ ಬದಲಿಸಲು ಅಥವಾ ಇಳಿಸಲು ಮುಂದಕ್ಕೆ ಹೋದಾಗ ಅಲೆ ಅಪ್ಪಳಿಸಿ ಜಾರುವುದು.
• ಅಂಚಿನಲ್ಲಿ ನಿಂತು ಮೂತ್ರ ಮಾಡುವುದು: ಕೇಳಲು ತಮಾಷೆ ಎನಿಸಿದರೂ ಸೇಲಿಂಗ್ ತರಬೇತಿಯಲ್ಲಿ ಇದರ ವಿರುದ್ಧ ಎಚ್ಚರಿಕೆ ಕೊಡುತ್ತಾರೆ. ಒಂದು ಕೈ ಮಾತ್ರ ಆಸರೆ ಹಿಡಿದಿರುತ್ತದೆ, ಗಮನ ಬೇರೆಡೆ ಇರುತ್ತದೆ.
• ಟೋ ಸ್ಟ್ರಾಪ್ ಬಿಟ್ಟುಹೋಗುವುದು: ಚಿಕ್ಕ ದೋಣಿಯಲ್ಲಿ ಪಾದಗಳನ್ನು ಪಟ್ಟಿಯೊಂದಕ್ಕೆ ಸಿಕ್ಕಿಸಿ ಹೊರಕ್ಕೆ ಬಾಗಿ ದೋಣಿಯ ಸಮತೋಲನ ಕಾಯುತ್ತಾರೆ. ಆ ಪಟ್ಟಿ ಸವೆದು ಕಿತ್ತುಹೋದರೆ ನೇರವಾಗಿ ನೀರಿಗೆ.

ಅದಕ್ಕೇ ನಾವಿಕರಲ್ಲಿ ಒಂದು ಹಳೆಯ ನಿಯಮವಿದೆ. ಒಂದು ಕೈ ಕೆಲಸಕ್ಕೆ, ಇನ್ನೊಂದು ಕೈ ನಿಮಗೆ.

ಮೊದಲ ಒಂದು ನಿಮಿಷದ ಲೆಕ್ಕ

ಬೈಕ್ ಅಥವಾ ಕಾರಿನಂತೆ ಹಾಯಿದೋಣಿಗೆ ಬ್ರೇಕ್ ಇಲ್ಲ. 6 ನಾಟ್ ವೇಗ ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಸೈಕಲ್ ತುಳಿಯುವುದಕ್ಕಿಂತಲೂ ನಿಧಾನ ಎನಿಸಬಹುದು. ಆದರೆ ಆ ವೇಗದಲ್ಲಿ ದೋಣಿ ಪ್ರತಿ ಸೆಕೆಂಡಿಗೆ 3 ಮೀಟರ್ ಮುಂದೆ ಸಾಗುತ್ತದೆ. 10 ಸೆಕೆಂಡ್ ಕಳೆಯುವಷ್ಟರಲ್ಲಿ 30 ಮೀಟರ್, ಒಂದು ನಿಮಿಷದಲ್ಲಿ ಸುಮಾರು 185 ಮೀಟರ್ ದೂರ. ಯಾವ ಈಜುಗಾರನೂ ಈಜಿ ಅದನ್ನು ಹಿಡಿಯಲಾರ.

ನೀರಿನಲ್ಲಿರುವವರ ತಲೆ ಮಾತ್ರ ಮೇಲೆ ಕಾಣುತ್ತದೆ. ಅಂದರೆ ಒಂದು ತೆಂಗಿನಕಾಯಿಯಷ್ಟು. ಅಲೆಗಳಿದ್ದರೆ ನೂರು ಮೀಟರ್ ದೂರದಲ್ಲೇ ಅದು ಮರೆಯಾಗುತ್ತದೆ. ಒಮ್ಮೆ ಕಣ್ತಪ್ಪಿದರೆ ಮತ್ತೆ ಹುಡುಕುವುದು ಬಹಳ ಕಷ್ಟ. ರಾತ್ರಿಯಾದರೆ ಕೇಳುವುದೇ ಬೇಡ.

ನೀರು ತಣ್ಣಗಿದ್ದರೆ ಇನ್ನೊಂದು ಅಪಾಯವಿದೆ. ಇದನ್ನು ವಿವರಿಸಲು ರಕ್ಷಣಾ ತರಬೇತಿಗಳಲ್ಲಿ '1-10-1' ಎಂಬ ಸೂತ್ರ ಬಳಸುತ್ತಾರೆ. ಕೊರೆಯುವ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ನಂತರದ ಸುಮಾರು 10 ನಿಮಿಷ ಮಾತ್ರ ಕೈಕಾಲುಗಳು ಹೇಳಿದಂತೆ ಕೇಳುತ್ತವೆ. ಸುಮಾರು 1 ಗಂಟೆಯ ಬಳಿಕ ದೇಹದ ಉಷ್ಣತೆ ಕುಸಿದು ಪ್ರಜ್ಞೆ ತಪ್ಪಬಹುದು. ನಮ್ಮ ಕೆರೆಗಳ ನೀರು ಅಷ್ಟು ತಣ್ಣಗಿರುವುದಿಲ್ಲ ನಿಜ. ಆದರೆ ಗಾಬರಿ, ನೀರು ಕುಡಿಯುವುದು, ಒದ್ದೆ ಬಟ್ಟೆಯ ಭಾರ, ದಣಿವು ಇಲ್ಲೂ ಇವೆ.

ಕೆರೆಯ ಚಿಕ್ಕ ದೋಣಿ ಮಗುಚಿದರೆ ಏನು ಮಾಡಬೇಕು?

ಹುಸೇನ್ ಸಾಗರದಲ್ಲಿ ಹೆಚ್ಚಾಗಿ ಕಾಣುವುದು ಡಿಂಗಿ ಎಂದು ಕರೆಯುವ ಚಿಕ್ಕ ದೋಣಿಗಳು. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ 2.3 ಮೀಟರ್ ಉದ್ದವಿದ್ದರೆ, ದೊಡ್ಡವರು ಒಬ್ಬರೇ ಓಡಿಸುವ ಲೇಸರ್ ದೋಣಿ 4.2 ಮೀಟರ್ ಇರುತ್ತದೆ. ಇವು ಮಗುಚುವುದು ಅಪರೂಪವೇನಲ್ಲ, ಆಟದ ಒಂದು ಭಾಗ. ಹಾಗಾಗಿ ಬೇಕೆಂದೇ ದೋಣಿ ಮಗುಚಿ ಮತ್ತೆ ನೆಟ್ಟಗೆ ಮಾಡುವುದು ಕಲಿಕೆಯ ಮೊದಲ ಪಾಠಗಳಲ್ಲೇ ಬರುತ್ತದೆ.

ಇಲ್ಲಿ ನೆನಪಿಡಬೇಕಾದ ಅಂಶಗಳು:

• ದೋಣಿಯನ್ನು ಬಿಡಬೇಡಿ: ಮಗುಚಿದ ಡಿಂಗಿ ಮುಳುಗುವುದಿಲ್ಲ, ತೇಲುತ್ತದೆ. ದಡ ಹತ್ತಿರವೇ ಇದೆ ಎಂದು ಈಜಲು ಹೊರಡುವುದು ದೊಡ್ಡ ತಪ್ಪು. ನೀರಿನ ಮೇಲೆ ದೂರ ಯಾವಾಗಲೂ ಕಡಿಮೆ ಎನಿಸುತ್ತದೆ. ರಕ್ಷಣಾ ದೋಣಿಗೂ ಒಬ್ಬ ಮನುಷ್ಯನ ತಲೆಗಿಂತ ದೋಣಿಯೇ ಬೇಗ ಕಾಣುತ್ತದೆ.
• ಹಗ್ಗ ಹಿಡಿದುಕೊಳ್ಳಿ: ದೋಣಿ ಮಗುಚದೆ ನೀವೊಬ್ಬರೇ ಬಿದ್ದರೆ ಕೈಯಲ್ಲಿರುವ ಹಾಯಿಯ ಹಗ್ಗವನ್ನು ಬಿಡಬೇಡಿ. ಖಾಲಿ ದೋಣಿ ಗಾಳಿಗೆ ನಿಮ್ಮಿಂದ ದೂರ ಓಡಿಹೋಗಬಹುದು.
• ನೆಟ್ಟಗೆ ಮಾಡುವ ಕ್ರಮ: ದೋಣಿಯ ತಳದಿಂದ ಹೊರಚಾಚಿರುವ ಡ್ಯಾಗರ್‌ಬೋರ್ಡ್ ಮೇಲೆ ಭಾರ ಹಾಕಿ, ಅಂಚನ್ನು ಹಿಡಿದು ಹಿಂದಕ್ಕೆ ಬಾಗಬೇಕು. ಅದಕ್ಕೂ ಮೊದಲು ಹಾಯಿಯ ಹಗ್ಗ ಸಡಿಲವಾಗಿದೆಯೇ ನೋಡಬೇಕು. ಇಲ್ಲದಿದ್ದರೆ ಎದ್ದ ದೋಣಿ ಮತ್ತೆ ಮಗುಚುತ್ತದೆ.
• ಹಾಯಿಯ ಅಡಿ ಸಿಕ್ಕಿಬಿದ್ದರೆ: ಗಾಬರಿಯಾಗಬೇಡಿ. ಕೈಯಿಂದ ಹಾಯಿಯನ್ನು ಮೇಲಕ್ಕೆ ತಳ್ಳಿದರೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ. ನಂತರ ಹಾಯಿಯ ಹೊಲಿಗೆಯ ಗುರುತು ಹಿಡಿದು ಒಂದೇ ದಿಕ್ಕಿನಲ್ಲಿ ಸಾಗಿದರೆ ಅಂಚು ತಲುಪಬಹುದು.
• ಮೊದಲು ಜನರ ಎಣಿಕೆ: ಇಬ್ಬರು ಅಥವಾ ಹೆಚ್ಚು ಜನ ಇದ್ದ ದೋಣಿ ಮಗುಚಿದರೆ ಹೆಸರು ಕೂಗಿ ಎಲ್ಲರೂ ಇದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ದೋಣಿಯ ಚಿಂತೆ ಆಮೇಲೆ.

ಹುಸೇನ್ ಸಾಗರದಂಥ ನಗರದ ಕೆರೆಗಳಲ್ಲಿ ಕೊಳಚೆ ನೀರು ಸೇರುತ್ತದೆ, ನೀರಿನಲ್ಲಿ ಕಳೆಯೂ ಬೆಳೆಯುತ್ತದೆ. ಬಿದ್ದಾಗ ಬಾಯಿ ಮುಚ್ಚಿಕೊಳ್ಳುವುದು, ದಡಕ್ಕೆ ಬಂದ ತಕ್ಷಣ ಸ್ನಾನ ಮಾಡುವುದು, ಗಾಯವಿದ್ದರೆ ತೊಳೆದು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ದೊಡ್ಡ ಹಾಯಿದೋಣಿಯಲ್ಲಿ ಯಾರಾದರೂ ಬಿದ್ದರೆ?

ಸಮುದ್ರಕ್ಕೆ ಹೋಗುವ ದೊಡ್ಡ ದೋಣಿಯ ಲೆಕ್ಕವೇ ಬೇರೆ. ಅಲ್ಲಿ ದೋಣಿ ಸುಲಭವಾಗಿ ಮಗುಚುವುದಿಲ್ಲ, ಆದರೆ ಬಿದ್ದವರನ್ನು ಬಿಟ್ಟು ಮುಂದೆ ಹೋಗಿಬಿಡುತ್ತದೆ. ಆಗ ಪಾಲಿಸಬೇಕಾದ ಕ್ರಮ ಹೀಗಿದೆ:

1. ನೋಡಿದವರು ತಕ್ಷಣ 'ಮ್ಯಾನ್ ಓವರ್‌ಬೋರ್ಡ್' ಎಂದು ಜೋರಾಗಿ ಕೂಗಬೇಕು. ಕೆಳಗಿನ ಕೋಣೆಯಲ್ಲಿ ಮಲಗಿದವರಿಗೂ ಕೇಳಬೇಕು.
2. ಒಬ್ಬರು ಬಿದ್ದವರ ಕಡೆಗೆ ಕೈ ಚಾಚಿ ತೋರಿಸುತ್ತಾ ನಿಲ್ಲಬೇಕು. ಕಣ್ಣು ಕದಲಿಸಬಾರದು, ಬೇರೆ ಯಾವ ಕೆಲಸವನ್ನೂ ಮಾಡಬಾರದು.
3. ಲೈಫ್‌ಬಾಯ್, ಬಾವುಟ ಇರುವ ತೇಲುಗಂಬ, ದೀಪ ಇವನ್ನು ಕೂಡಲೇ ನೀರಿಗೆ ಎಸೆಯಬೇಕು. ಏನೂ ಸಿಗದಿದ್ದರೆ ತೇಲುವ ದಿಂಬಾದರೂ ಸರಿ. ಹಿಡಿದುಕೊಳ್ಳಲು ಆಸರೆಯೂ ಆಯಿತು, ಜಾಗದ ಗುರುತೂ ಆಯಿತು.
4. ಜಿಪಿಎಸ್ ಉಪಕರಣದಲ್ಲಿರುವ 'ಎಂಒಬಿ' ಗುಂಡಿ ಒತ್ತಬೇಕು. ಬಿದ್ದ ಜಾಗ ದಾಖಲಾಗುತ್ತದೆ.
5. ಚುಕ್ಕಾಣಿ ಹಿಡಿದವರು ದೋಣಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ವೇಗ ತಗ್ಗಿಸಬೇಕು.
6. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ 'ಮೇಡೇ' ಸಂದೇಶ ಕೊಡಬೇಕು. ನಾವೇ ರಕ್ಷಿಸುತ್ತೇವೆ ಎಂದು ಕಾಯಬಾರದು. ಸಿಕ್ಕಿದರೆ ಸಂದೇಶ ರದ್ದು ಮಾಡಬಹುದು. ತಡವಾಗಿ ಕೊಟ್ಟರೆ ಆ ಸಮಯ ಮರಳಿ ಬರುವುದಿಲ್ಲ.
7. ಎಂಜಿನ್ ಚಾಲು ಮಾಡುವ ಮೊದಲು ನೀರಿನಲ್ಲಿ ಹಗ್ಗ ಬಿದ್ದಿದೆಯೇ ನೋಡಬೇಕು. ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎಂಜಿನ್ ನಿಲ್ಲುತ್ತದೆ. ಬಿದ್ದವರು ಹತ್ತಿರ ಬಂದಾಗ ಪ್ರೊಪೆಲ್ಲರ್ ತಿರುಗುತ್ತಿರಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಕಾಪಾಡಲು ಇನ್ನೊಬ್ಬರು ನೀರಿಗೆ ಹಾರಬಾರದು. ಹಾರಿದರೆ ಹುಡುಕಬೇಕಾದವರು ಇಬ್ಬರಾಗುತ್ತಾರೆ, ದೋಣಿ ನಡೆಸುವವರಲ್ಲಿ ಒಬ್ಬರು ಕಡಿಮೆಯಾಗುತ್ತಾರೆ.

ಬಿದ್ದವರ ಬಳಿಗೆ ಮರಳುವುದು ಹೇಗೆ?

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಓಡಲಾರದು. ಹಾಗಾಗಿ ಮರಳುವುದಕ್ಕೂ ಲೆಕ್ಕಾಚಾರ ಬೇಕು. ಇದಕ್ಕೆ ಮುಖ್ಯವಾಗಿ 2 ವಿಧಾನಗಳಿವೆ.

ಮೊದಲನೆಯದು 'ಕ್ವಿಕ್ ಸ್ಟಾಪ್'. ಯಾರಾದರೂ ಬಿದ್ದ ತಕ್ಷಣ ದೋಣಿಯನ್ನು ಗಾಳಿಗೆ ತಿರುಗಿಸಿ, ಬಿದ್ದವರ ಸುತ್ತಲೇ ಚಿಕ್ಕ ಸುತ್ತು ಹಾಕಿ ಹತ್ತಿರ ಬರುವುದು. ದೂರ ಹೋಗದೆ ಕಣ್ಣಳತೆಯಲ್ಲೇ ಇರಬಹುದು ಎಂಬುದು ಇದರ ಲಾಭ.

ಎರಡನೆಯದು ಇಂಗ್ಲಿಷಿನ 8ರ ಆಕಾರದ ದಾರಿ. ಗಾಳಿ ಪಕ್ಕದಿಂದ ಬೀಸುವಂತೆ ಸ್ವಲ್ಪ ದೂರ ಸಾಗಿ, ತಿರುಗಿ, ಬಿದ್ದವರಿಗಿಂತ ಕೆಳಗಾಳಿಯ ಕಡೆಯಿಂದ ನಿಧಾನವಾಗಿ ಮೇಲೆ ಬರುವುದು. ಕೊನೆಯ ಹಂತದಲ್ಲಿ ಹಾಯಿಯನ್ನು ಸಡಿಲ ಬಿಟ್ಟರೆ ದೋಣಿ ಬಿದ್ದವರ ಪಕ್ಕದಲ್ಲೇ ನಿಲ್ಲುತ್ತದೆ. ಚಿಕ್ಕ ದೋಣಿಗಳಲ್ಲಿ ಇದೇ ಹೆಚ್ಚು ರೂಢಿ.

ಯಾವ ವಿಧಾನ ಮೇಲು ಎಂಬುದು ದೋಣಿ, ಗಾಳಿ ಮತ್ತು ಜನರ ಸಂಖ್ಯೆಯನ್ನು ಅವಲಂಬಿಸಿದೆ. ಆದರೆ ಓದಿ ತಿಳಿದುಕೊಂಡರೆ ಸಾಲದು. ಒಂದು ಫುಟ್‌ಬಾಲ್ ಅಥವಾ ಖಾಲಿ ಕ್ಯಾನ್ ನೀರಿಗೆ ಎಸೆದು, ಅದನ್ನು ವಾಪಸ್ ತರುವ ಅಭ್ಯಾಸವನ್ನು ಪದೇಪದೇ ಮಾಡಬೇಕು. ದೋಣಿಯ ನಾಯಕರೇ ಬಿದ್ದರೆ ಉಳಿದವರು ನಿಭಾಯಿಸುತ್ತಾರೆಯೇ ಎಂದೂ ಪರೀಕ್ಷಿಸಿಕೊಳ್ಳಬೇಕು.

ಸಿಕ್ಕರೂ ಮೇಲೆತ್ತುವುದು ಸುಲಭವಲ್ಲ

ಬಿದ್ದವರ ಪಕ್ಕಕ್ಕೆ ಬಂದರೆ ಅರ್ಧ ಕೆಲಸ ಮುಗಿದಂತೆ ಅಷ್ಟೇ. ದೊಡ್ಡ ದೋಣಿಯ ಅಂಚು ನೀರಿನಿಂದ ಒಂದು ಮೀಟರ್ ಅಥವಾ ಅದಕ್ಕೂ ಎತ್ತರದಲ್ಲಿರುತ್ತದೆ. ಒದ್ದೆ ಬಟ್ಟೆ ತೊಟ್ಟ, ದಣಿದ ವಯಸ್ಕರೊಬ್ಬರನ್ನು ಕೈಯಿಂದ ಎಳೆದುಕೊಳ್ಳುವುದು ಇಬ್ಬರಿಂದಲೂ ಆಗದ ಕೆಲಸ. ಅವರಿಗೆ ಪ್ರಜ್ಞೆ ಇಲ್ಲದಿದ್ದರಂತೂ ಇನ್ನೂ ಕಷ್ಟ.

ಆದ್ದರಿಂದ ಮೊದಲು ಬಿದ್ದವರನ್ನು ಹಗ್ಗದಿಂದ ದೋಣಿಗೆ ಕಟ್ಟಿಕೊಳ್ಳಬೇಕು. ನಂತರ ಹಾಯಿ ಏರಿಸುವ ಹಗ್ಗ, ರಾಟೆ ಮತ್ತು ವಿಂಚ್ ಬಳಸಿ ಎತ್ತಬೇಕು. 'ಲೈಫ್‌ಸ್ಲಿಂಗ್' ಎಂಬ ತೇಲುವ ಪಟ್ಟಿ ಈ ಕೆಲಸಕ್ಕೇ ರೂಪುಗೊಂಡ ಸಾಧನ. ಉದ್ದ ಹಗ್ಗಕ್ಕೆ ಕಟ್ಟಿದ ಈ ಪಟ್ಟಿಯನ್ನು ದೋಣಿ ಬಿದ್ದವರ ಸುತ್ತ ಎಳೆದುಕೊಂಡು ಬರುತ್ತದೆ. ಅವರು ಅದನ್ನು ತೋಳುಗಳ ಕೆಳಗೆ ಹಾಕಿಕೊಂಡರೆ ಸಾಕು, ಒಬ್ಬರೇ ಇದ್ದರೂ ರಾಟೆಯಿಂದ ಎತ್ತಬಹುದು. ತಣ್ಣೀರಿನಲ್ಲಿ ಬಹಳ ಹೊತ್ತು ಇದ್ದವರನ್ನು ಸಾಧ್ಯವಾದಷ್ಟು ಮಲಗಿದ ಸ್ಥಿತಿಯಲ್ಲೇ ಎತ್ತಬೇಕು. ನೆಟ್ಟಗೆ ಎತ್ತಿದರೆ ರಕ್ತದೊತ್ತಡ ದಿಢೀರ್ ಕುಸಿಯುವ ಅಪಾಯವಿದೆ.

ನೀರಿನಲ್ಲಿರುವವರು ಏನು ಮಾಡಬೇಕು?

• ಮೊದಲು ತೇಲಿ, ಉಸಿರು ಸಮಸ್ಥಿತಿಗೆ ಬರುವವರೆಗೆ ಕೈಕಾಲು ಬಡಿಯಬೇಡಿ.
• ದೋಣಿಯ ಹಿಂದೆ ಈಜಬೇಡಿ. ಎಸೆದ ಲೈಫ್‌ಬಾಯ್ ಹತ್ತಿರವಿದ್ದರೆ ಮಾತ್ರ ಅದರ ಕಡೆ ಹೋಗಿ.
• ಅಲೆಗಳು ಮುಖಕ್ಕೆ ಬಡಿಯದಂತೆ ಅವುಗಳಿಗೆ ಬೆನ್ನು ಮಾಡಿ.
• ಮೊಣಕಾಲುಗಳನ್ನು ಎದೆಯತ್ತ ಮಡಚಿಕೊಂಡರೆ ದೇಹದ ಶಾಖ ಉಳಿಯುತ್ತದೆ.
• ಸೀಟಿ ಊದಿ, ದೀಪ ಹಚ್ಚಿ. ಕೂಗಿ ದಣಿಯುವುದಕ್ಕಿಂತ ಸೀಟಿ ಹೆಚ್ಚು ದೂರ ಕೇಳುತ್ತದೆ.

ಯಾವ ಲೈಫ್ ಜಾಕೆಟ್ ಒಳ್ಳೆಯದು?

ಎಲ್ಲ ಲೈಫ್ ಜಾಕೆಟ್‌ಗಳೂ ಒಂದೇ ಅಲ್ಲ. ತೇಲಿಸುವ ಸಾಮರ್ಥ್ಯವನ್ನು ನ್ಯೂಟನ್ ಲೆಕ್ಕದಲ್ಲಿ ಅಳೆಯುತ್ತಾರೆ. ಸುಮಾರು 10 ನ್ಯೂಟನ್ ಅಂದರೆ ಒಂದು ಕೆ.ಜಿ. ಭಾರ ಎತ್ತಿ ಹಿಡಿಯುವ ಶಕ್ತಿ.

50 ನ್ಯೂಟನ್‌ನದ್ದು ಈಜು ಬಲ್ಲವರಿಗೆ, ರಕ್ಷಣಾ ದೋಣಿ ಹತ್ತಿರವಿರುವ ಕೆರೆಗಳಿಗೆ. ಡಿಂಗಿ ಓಡಿಸುವವರು ಹೆಚ್ಚಾಗಿ ಧರಿಸುವುದು ಇದನ್ನೇ. ಆದರೆ ಇದು ಪ್ರಜ್ಞೆ ತಪ್ಪಿದವರ ಮುಖವನ್ನು ನೀರಿನಿಂದ ಮೇಲಕ್ಕೆ ತಿರುಗಿಸುವುದಿಲ್ಲ. ಸಮುದ್ರಕ್ಕೆ ಹೋಗುವವರಿಗೆ ಕನಿಷ್ಠ 150 ನ್ಯೂಟನ್‌ನ ಜಾಕೆಟ್ ಬೇಕು. ನೀರಿಗೆ ಬಿದ್ದ ಕೂಡಲೇ ತಾನಾಗಿ ಗಾಳಿ ತುಂಬಿಕೊಳ್ಳುವ ಮಾದರಿಗಳೂ ಇವೆ. ಅವುಗಳ ಗ್ಯಾಸ್ ಸಿಲಿಂಡರ್ ಭದ್ರವಾಗಿ ಕೂತಿದೆಯೇ, ತುಕ್ಕು ಹಿಡಿದಿದೆಯೇ ಎಂದು ಆಗಾಗ ನೋಡಬೇಕು.

ಇನ್ನೊಂದು ಅಂಶವನ್ನು ಹಲವರು ಕಡೆಗಣಿಸುತ್ತಾರೆ. ಅದು ತೊಡೆಗಳ ನಡುವೆ ಹಾದುಬರುವ ಪಟ್ಟಿ. ಅದನ್ನು ಕಟ್ಟದಿದ್ದರೆ ನೀರಿನಲ್ಲಿ ಜಾಕೆಟ್ ಮೇಲಕ್ಕೆ ಸರಿದು ಮುಖವನ್ನೇ ಮುಚ್ಚುತ್ತದೆ. ಮಕ್ಕಳಿಗೆ ಇದು ಕಡ್ಡಾಯವೆಂದೇ ತಿಳಿಯಬೇಕು. ಮುಂದೆ ಬೆಳೆಯುತ್ತಾರೆ ಎಂದು ದೊಡ್ಡ ಅಳತೆಯ ಜಾಕೆಟ್ ಹಾಕುವುದು ಅಪಾಯಕಾರಿ.

ಹಾರ್ನೆಸ್ ಮತ್ತು ಟೆದರ್: ಎರಡು ಸಾವುಗಳು ಕಲಿಸಿದ ಪಾಠ

ಬೀಳದಂತೆ ತಡೆಯುವ ಸಾಧನವೇ ಹಾರ್ನೆಸ್. ಎದೆಗೆ ಕಟ್ಟಿದ ಈ ಪಟ್ಟಿಯಿಂದ ಟೆದರ್ ಎಂಬ ಹಗ್ಗ ಹೊರಟು ದೋಣಿಯ ಮೇಲೆ ಉದ್ದಕ್ಕೂ ಬಿಗಿದಿರುವ ಪಟ್ಟಿಗೆ ಕೊಕ್ಕೆಯಿಂದ ಸೇರಿಕೊಳ್ಳುತ್ತದೆ.

ಹೈದರಾಬಾದ್‌ನವರಾದ ಲೆಫ್ಟಿನೆಂಟ್ ಬಿ. ಐಶ್ವರ್ಯಾ ಸೇರಿ ನೌಕಾಪಡೆಯ 6 ಮಹಿಳಾ ಅಧಿಕಾರಿಗಳು 'ಐಎನ್‌ಎಸ್‌ವಿ ತಾರಿಣಿ' ಹಾಯಿದೋಣಿಯಲ್ಲಿ ವಿಶ್ವ ಪರ್ಯಟನೆ ಮಾಡಿದ್ದು ಹಲವರಿಗೆ ನೆನಪಿರಬಹುದು. 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟ ತಂಡ 2018ರ ಮೇ 21ರಂದು ಸುರಕ್ಷಿತವಾಗಿ ಮರಳಿತು. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ತಂಡದ ನಾಯಕಿಯಾಗಿದ್ದರು. ಆದರೆ ಇದೇ ಅವಧಿಯಲ್ಲಿ, ತಾರಿಣಿ ಹಾದುಹೋದಂಥದ್ದೇ ಒರಟು ದಕ್ಷಿಣ ಸಾಗರದಲ್ಲಿ, ಬೇರೆ ಬೇರೆ ರೇಸ್‌ಗಳ ಇಬ್ಬರು ಅನುಭವಿ ನಾವಿಕರು ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡರು.

2017ರ ನವೆಂಬರ್ 18ರಂದು ಕ್ಲಿಪ್ಪರ್ ರೇಸ್‌ನಲ್ಲಿ ಮುಂಭಾಗದ ಹಾಯಿ ಇಳಿಸುತ್ತಿದ್ದ ಬ್ರಿಟನ್‌ನ ಸೈಮನ್ ಸ್ಪಿಯರ್ಸ್ ನೀರಿಗೆ ಬಿದ್ದರು. ಅವರು ಲೈಫ್ ಜಾಕೆಟ್ ಧರಿಸಿದ್ದರು, ಟೆದರ್ ಕೂಡ ಕಟ್ಟಿಕೊಂಡಿದ್ದರು. ಆದರೆ ಟೆದರ್‌ನ ಕೊಕ್ಕೆ ದೋಣಿಯ ಮೇಲಿನ ಲೋಹದ ಭಾಗಕ್ಕೆ ಅಡ್ಡಲಾಗಿ ಸಿಕ್ಕಿಕೊಂಡು, ಭಾರಕ್ಕೆ ಬಾಗಿ ಬಿಚ್ಚಿಹೋಯಿತು ಎಂದು ಬ್ರಿಟನ್‌ನ ಸಾಗರ ಅಪಘಾತ ತನಿಖಾ ಸಂಸ್ಥೆ ಪತ್ತೆ ಹಚ್ಚಿತು. ಉದ್ದಕ್ಕೆ ಎಳೆದಾಗ ಗಟ್ಟಿಯಾಗಿರುವ ಕೊಕ್ಕೆ ಪಕ್ಕದಿಂದ ಒತ್ತಡ ಬಿದ್ದರೆ ತಾಳುವುದಿಲ್ಲ ಎಂಬುದು ಆಗ ಎಲ್ಲರ ಗಮನಕ್ಕೆ ಬಂತು.

2018ರ ಮಾರ್ಚ್ 26ರಂದು ವೋಲ್ವೊ ಓಷನ್ ರೇಸ್‌ನಲ್ಲಿ ಜಾನ್ ಫಿಶರ್ ಬಿದ್ದಾಗ ದೋಣಿ ಕೇಪ್ ಹಾರ್ನ್‌ನಿಂದ ಸುಮಾರು 1,400 ನಾಟಿಕಲ್ ಮೈಲು ಪಶ್ಚಿಮದಲ್ಲಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಅವರು ಟೆದರ್ ಬಿಚ್ಚಿಕೊಂಡಿದ್ದರು. ಅದೇ ಹೊತ್ತಿಗೆ ದೋಣಿಯ ಹಾಯಿ ಇದ್ದಕ್ಕಿದ್ದಂತೆ ಬದಿ ಬದಲಿಸಿ, ಅದರ ಹಗ್ಗದ ವ್ಯವಸ್ಥೆ ಅವರಿಗೆ ಬಡಿಯಿತು. ಸಹನಾವಿಕರು ಗಂಟೆಗಟ್ಟಲೆ ಹುಡುಕಿದರೂ ಅವರು ಸಿಗಲಿಲ್ಲ.

ಈ ಎರಡೂ ಘಟನೆಗಳಿಂದ ಕಲಿಯಬೇಕಾದ್ದು ಸ್ಪಷ್ಟ. ಜಾಗ ಬದಲಿಸುವ ಆ ಕೆಲವು ಸೆಕೆಂಡುಗಳೇ ಹೆಚ್ಚು ಅಪಾಯಕಾರಿ. ಹಾಗಾಗಿ ಎರಡು ಕೊಕ್ಕೆಗಳಿರುವ ಟೆದರ್ ಬಳಸಿ, ಒಂದನ್ನು ಹಾಕಿದ ಮೇಲಷ್ಟೇ ಇನ್ನೊಂದನ್ನು ಬಿಚ್ಚಬೇಕು. ಕೊಕ್ಕೆ ಯಾವುದಕ್ಕೂ ಅಡ್ಡ ಸಿಕ್ಕಿಕೊಳ್ಳದ ಜಾಗದಲ್ಲೇ ಹಾಕಬೇಕು. ಟೆದರ್ ಅಂಚಿನಾಚೆ ಬೀಳದಷ್ಟು ಗಿಡ್ಡವಿರಬೇಕು. ಉದ್ದವಿದ್ದರೆ ಬಿದ್ದವರನ್ನು ದೋಣಿಯ ಪಕ್ಕದಲ್ಲೇ ನೀರಿನಲ್ಲಿ ಎಳೆದುಕೊಂಡು ಹೋಗುತ್ತದೆ. ಹಾಗೆ ಮುಳುಗಿ ಸತ್ತವರೂ ಇದ್ದಾರೆ. ಫ್ರಾನ್ಸ್‌ನ ದಂತಕಥೆಯಂಥ ನಾವಿಕ ಎರಿಕ್ ತಬಾರ್ಲಿ 1998ರ ಜೂನ್‌ನಲ್ಲಿ ತಮ್ಮ ನೆಚ್ಚಿನ ದೋಣಿ 'ಪೆನ್ ಡ್ಯೂಯಿಕ್'ನಿಂದ ರಾತ್ರಿ ನೀರಿಗೆ ಬಿದ್ದು ಸತ್ತರು. ಅನುಭವ ಎಷ್ಟೇ ಇದ್ದರೂ ಅದು ಟೆದರ್‌ಗೆ ಬದಲಿಯಲ್ಲ.

ಬೀಕನ್ ಇದ್ದರೆ ಬೆಂಗಳೂರಿಗೂ ಸುದ್ದಿ ತಲುಪುತ್ತದೆ

2014ರ ಮಾರ್ಚ್‌ನಲ್ಲಿ ಕ್ಲಿಪ್ಪರ್ ರೇಸ್‌ನ ಇನ್ನೊಬ್ಬ ಸ್ಪರ್ಧಿ ಆಂಡ್ರ್ಯೂ ಟೇಲರ್ ಪೆಸಿಫಿಕ್ ಸಾಗರಕ್ಕೆ ಬಿದ್ದಿದ್ದರು. ಸುಮಾರು ಒಂದೂವರೆ ಗಂಟೆ ಕೊರೆಯುವ ನೀರಿನಲ್ಲಿದ್ದರೂ ಅವರು ಬದುಕಿ ಬಂದರು. ಮೈಯನ್ನು ಒಣದಾಗಿ ಇಡುವ ಡ್ರೈಸೂಟ್ ಮತ್ತು ಅವರ ಬಳಿಯಿದ್ದ ಎಐಎಸ್ ಬೀಕನ್ ಇದಕ್ಕೆ ನೆರವಾದವು. ಈ ಪುಟ್ಟ ಉಪಕರಣ ಬಿದ್ದವರು ಇರುವ ಜಾಗವನ್ನು ಹತ್ತಿರದ ದೋಣಿಗಳ ಪರದೆಯ ಮೇಲೆ ತೋರಿಸುತ್ತದೆ.

ಇನ್ನೊಂದು ಬಗೆಯ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳುಹಿಸುತ್ತದೆ. ಭಾರತದಲ್ಲಿ ಇಂಥ ಸಂಕೇತಗಳನ್ನು ಸ್ವೀಕರಿಸಿ ರಕ್ಷಣಾ ಕೇಂದ್ರಗಳಿಗೆ ರವಾನಿಸುವ ಮಿಷನ್ ಕಂಟ್ರೋಲ್ ಸೆಂಟರ್ ಇರುವುದು ಬೆಂಗಳೂರಿನ ಇಸ್ರೊದ ಇಸ್ಟ್ರಾಕ್‌ನಲ್ಲಿ. 2018ರ ಸೆಪ್ಟೆಂಬರ್‌ನಲ್ಲಿ ಗೋಲ್ಡನ್ ಗ್ಲೋಬ್ ರೇಸ್ ವೇಳೆ ಹಾಯಿಕಂಬ ಮುರಿದು, ಬೆನ್ನಿಗೆ ತೀವ್ರ ಗಾಯವಾಗಿ ಹಿಂದೂ ಮಹಾಸಾಗರದಲ್ಲಿ ಸಿಲುಕಿದ್ದ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ ನೀರಿಗೆ ಬಿದ್ದಿರಲಿಲ್ಲ, ದೋಣಿಯಲ್ಲೇ ಇದ್ದರು. ನೌಕಾಪಡೆಯ ವಿಮಾನ ಅವರ ದೋಣಿಯನ್ನು ಪತ್ತೆ ಹಚ್ಚಿತು, ಫ್ರಾನ್ಸ್‌ನ 'ಒಸಿರಿಸ್' ನೌಕೆ ಅವರನ್ನು ರಕ್ಷಿಸಿತು. ಎಲ್ಲಿದ್ದಾರೆ ಎಂದು ಗೊತ್ತಿದ್ದರೆ ಮಾತ್ರ ಅಷ್ಟು ದೂರದ ರಕ್ಷಣೆ ಸಾಧ್ಯ.

ಪದಕಕ್ಕಿಂತ ಜೀವ ದೊಡ್ಡದು

ಸೇಲಿಂಗ್ ಸ್ಪರ್ಧೆಗಳ ನಿಯಮ ಪುಸ್ತಕದ ಮೊದಲ ನಿಯಮವೇ ಅಪಾಯದಲ್ಲಿರುವವರಿಗೆ ಸಾಧ್ಯವಿರುವ ಎಲ್ಲ ನೆರವು ಕೊಡಬೇಕು ಎನ್ನುತ್ತದೆ. ಕಲಿಯುತ್ತಿರುವ ಮಕ್ಕಳಿಗೂ ಒಲಿಂಪಿಕ್ಸ್ ಸ್ಪರ್ಧಿಗಳಿಗೂ ಇದು ಒಂದೇ. ನೆರವಾಗಲು ಹೋಗಿ ಹಿಂದೆ ಬಿದ್ದವರಿಗೆ ಪರಿಹಾರವಾಗಿ ಸ್ಥಾನ ಸರಿಪಡಿಸುವ ಅವಕಾಶವೂ ಇದೆ.

1988ರ ಸೋಲ್ ಒಲಿಂಪಿಕ್ಸ್‌ನ ಸೇಲಿಂಗ್ ಸ್ಪರ್ಧೆ ಬೂಸಾನ್‌ನಲ್ಲಿ ನಡೆದಿತ್ತು. ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೇ ಸ್ಥಾನದಲ್ಲಿದ್ದಾಗ, ಬೇರೊಂದು ವಿಭಾಗದ ಸಿಂಗಾಪುರದ ಇಬ್ಬರು ಸ್ಪರ್ಧಿಗಳು ದೋಣಿ ಮಗುಚಿ ಒದ್ದಾಡುತ್ತಿರುವುದನ್ನು ಕಂಡರು. ತಮ್ಮ ರೇಸ್ ಬಿಟ್ಟು ಅವರನ್ನು ರಕ್ಷಿಸಿ, ರಕ್ಷಣಾ ದೋಣಿಗೆ ಒಪ್ಪಿಸಿದ ಮೇಲಷ್ಟೇ ಮುಂದುವರಿದರು. ತೀರ್ಪುಗಾರರು ಆ ರೇಸ್‌ನಲ್ಲಿ ಅವರಿಗೆ ಎರಡನೇ ಸ್ಥಾನವನ್ನೇ ಕೊಟ್ಟರು. ಒಟ್ಟಾರೆ ಸ್ಪರ್ಧೆಯಲ್ಲಿ ಪದಕ ಬರಲಿಲ್ಲ. ಆದರೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಪಿಯೆರ್ ಡಿ ಕೂಬರ್ತಾ ಪದಕ ನೀಡಿ ಗೌರವಿಸಿತು.

ಪ್ರವಾಸಕ್ಕೆ ಹೋಗುವವರು ಕೇಳಬೇಕಾದ ಪ್ರಶ್ನೆಗಳು

ನಮ್ಮಲ್ಲಿ ಬಹುತೇಕರು ಹಾಯಿದೋಣಿ ಓಡಿಸುವುದಿಲ್ಲ. ಆದರೆ ಜಾತ್ರೆಗೋ ಪ್ರವಾಸಕ್ಕೋ ದೋಣಿ ಹತ್ತಿಯೇ ಇರುತ್ತೇವೆ. 2019ರ ಜನವರಿ 21ರಂದು ಕಾರವಾರ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡಿದ್ದನ್ನು ಕನ್ನಡಿಗರು ಮರೆತಿಲ್ಲ. ಹಾಗಾಗಿ ದೋಣಿ ಹತ್ತುವ ಮೊದಲು ಇಷ್ಟನ್ನಾದರೂ ಕೇಳಿ:

• ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಮಕ್ಕಳ ಅಳತೆಯದ್ದು ಇದೆಯೇ?
• ದೋಣಿಗೆ ಎಷ್ಟು ಜನರ ಅನುಮತಿ ಇದೆ, ಈಗ ಎಷ್ಟು ಜನ ಇದ್ದಾರೆ?
• ಲೈಫ್‌ಬಾಯ್ ಮತ್ತು ಹಗ್ಗ ಕೈಗೆ ಸಿಗುವಂತೆ ಇವೆಯೇ?
• ರಕ್ಷಣಾ ದೋಣಿ ಹತ್ತಿರದಲ್ಲಿದೆಯೇ? ಹವಾಮಾನ ಹೇಗಿದೆ?

ಉತ್ತರ ಸಮಾಧಾನ ತರದಿದ್ದರೆ ಹತ್ತಬೇಡಿ. ಸೆಲ್ಫಿ ಚೆನ್ನಾಗಿ ಬರುವುದಿಲ್ಲ ಎಂದು ಜಾಕೆಟ್ ಬಿಚ್ಚಬೇಡಿ. ಸೀಟಿನ ಕೆಳಗಿರುವ ಜಾಕೆಟ್ ಯಾರನ್ನೂ ಕಾಪಾಡುವುದಿಲ್ಲ.

ಮೇಲೆತ್ತಿದ ನಂತರ

ನೀರಿನಿಂದ ತಂದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಇದರಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ಉಸಿರಾಟ ಇಲ್ಲದಿದ್ದರೆ ತರಬೇತಿ ಪಡೆದವರು ಮೊದಲು ಬಾಯಿಯಿಂದ ಉಸಿರು ಕೊಟ್ಟು, ನಂತರ 30 ಬಾರಿ ಎದೆ ಒತ್ತುವುದು, 2 ಬಾರಿ ಉಸಿರು ಕೊಡುವುದು ಎಂಬ ಕ್ರಮದಲ್ಲಿ ಸಿಪಿಆರ್ ಮುಂದುವರಿಸಬೇಕು. ಉಸಿರಾಟವಿದ್ದು ಪ್ರಜ್ಞೆ ಇಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಬೇಕು. ನೀರು ಕುಡಿದವರು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ಬಳಿಕವೂ ಕಾಣಿಸಿಕೊಳ್ಳಬಹುದು.

ತುರ್ತು ಸಂಖ್ಯೆಗಳು: ಸಮುದ್ರದಲ್ಲಿ ಅವಘಡವಾದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ. ಕೆರೆ, ನದಿ ಎಲ್ಲೇ ಆದರೂ 112 ಇದೆ. ಹುಸೇನ್ ಸಾಗರದಲ್ಲಿ ನೀರಿಗೆ ಬಿದ್ದವರನ್ನು ರಕ್ಷಿಸಲು ಹೈದರಾಬಾದ್ ಪೊಲೀಸರ ಪ್ರತ್ಯೇಕ ಲೇಕ್ ಪೊಲೀಸ್ ಠಾಣೆಯೂ ಕೆಲಸ ಮಾಡುತ್ತಿದೆ.

ಮುಂದಿನ ಬಾರಿ ಟ್ಯಾಂಕ್ ಬಂಡ್ ಮೇಲೆ ಹೋಗುವಾಗ ಹಾಯಿಗಳ ಜೊತೆಗೆ ದೋಣಿಯಲ್ಲಿರುವ ಮಕ್ಕಳನ್ನೂ ಗಮನಿಸಿ. ಗಾಳಿ ಇರಲಿ, ಇಲ್ಲದಿರಲಿ, ದಡ ಬಿಡುವ ಮೊದಲೇ ಅವರು ಜಾಕೆಟ್‌ನ ಪಟ್ಟಿಗಳನ್ನು ಬಿಗಿದುಕೊಂಡಿರುತ್ತಾರೆ. ನೀರಿಗಿಳಿಯುವ ಪ್ರತಿಯೊಬ್ಬರೂ ಅವರಿಂದ ಕಲಿಯಬೇಕಾದ್ದು ಇದನ್ನೇ.